ರಿಸೀವರನ ಕೈಗೆ ಮೊದಲು ಹಣ ಬರಲಿ

ಅಮೆರಿಕದ ನರ್ಸಿಂಗ್ ಹೋಮ್‌ಗಳು ನಮ್ಮಲ್ಲಿನಂತೆ ಸಣ್ಣ ಆಸ್ಪತ್ರೆಗಳಲ್ಲ. ವೃದ್ಧರು ವರ್ಷಗಟ್ಟಲೆ ವಾಸಿಸುವ ಆರೈಕೆ ಕೇಂದ್ರಗಳು. 2018ರಲ್ಲಿ ಸ್ಕೈಲೈನ್ ಹೆಲ್ತ್‌ಕೇರ್ ಸಂಸ್ಥೆಯು ನಿರ್ವಹಣಾ ವೆಚ್ಚ ಭರಿಸಲಾರದೆ ಕುಸಿದಾಗ, ಕಾನ್ಸಾಸ್ ರಾಜ್ಯವು ನ್ಯಾಯಾಲಯದ ಮೊರೆಹೊಕ್ಕು ಅದರ 15 ಕೇಂದ್ರಗಳನ್ನು ರಿಸೀವರ್ ಆಡಳಿತಕ್ಕೆ ಒಳಪಡಿಸಿತು.

ಹಣ ಪಡೆದು ವೃದ್ಧರನ್ನು ನೋಡಿಕೊಳ್ಳುವ ಕೇಂದ್ರಗಳು ಈಗ ನಮ್ಮ ನಗರಗಳಲ್ಲಿಯೂ ಇರುವುದರಿಂದ, ನಮ್ಮ ಕಾನೂನಿನತ್ತಲೂ ಗಮನ ಹರಿಸುವುದು ಯುಕ್ತ. ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೇ ಆದೇಶದಂತೆ ನೇಮಕಗೊಂಡ ರಿಸೀವರನು ಭದ್ರತೆ ಒದಗಿಸಬೇಕು, ಲೆಕ್ಕ ಒಪ್ಪಿಸಬೇಕು. ಲೆಕ್ಕಪರಿಶೋಧಕನಾದ ನನಗೆ ಇದು ಸಮ್ಮತವೇ. ಆದರೆ ಅದು ಮುಖ್ಯವಾಗಿ ಸ್ವತ್ತಿನ ರಕ್ಷಣೆಯನ್ನು ಉದ್ದೇಶಿಸಿದ ವ್ಯವಸ್ಥೆ. ಬೀಗ ಹಾಕಿದ ಗೋದಾಮು ಬಾಡಿಗೆ ವಸೂಲಾಗುವವರೆಗೆ ಕಾಯಬಲ್ಲದು. ಹಾಸಿಗೆ ಹಿಡಿದ ವೃದ್ಧೆಯ ಮಧ್ಯಾಹ್ನದ ಊಟ ಕಾಯದು. ಸಂಬಳ ಕಾಣದ ದಾದಿಯರು ಮರುದಿನ ಬರುವುದೂ ಸಂದೇಹವೇ.

ಆದ್ದರಿಂದ ನೇಮಕಾತಿ ಆದೇಶದಲ್ಲಿಯೇ ತುರ್ತು ನಿರ್ವಹಣಾ ನಿಧಿಯನ್ನು ಗೊತ್ತುಪಡಿಸಿ, ವೇತನ, ಆಹಾರ ಹಾಗೂ ಔಷಧಗಳ ವೆಚ್ಚಕ್ಕೆ ಹಳೆಯ ಸಾಲಗಳಿಗಿಂತ ಮೊದಲ ಸ್ಥಾನ ನೀಡಬೇಕು. ಬ್ಯಾಂಕುಗಳು ಆಕ್ಷೇಪಿಸಬಹುದು. ನಿವಾಸಿಗಳೆಲ್ಲ ಹೊರಟುಹೋದ ಕಟ್ಟಡಕ್ಕೆ ಎಷ್ಟು ಬೆಲೆ ಬಂದೀತೆಂಬುದನ್ನು ಅವು ಮೊದಲು ಲೆಕ್ಕಹಾಕಲಿ.