ಮೊದಲ ಕಾರಿಗೂ ಮೊದಲು ಒಂದು ಲೆಕ್ಕದ ಪುಸ್ತಕ

ಬೆಂಗಳೂರಿನ ಉತ್ತರದಲ್ಲಿ, ಯಲಹಂಕ ಉಪನಗರಕ್ಕೆ ತಾಗಿಕೊಂಡಿರುವ ಅಟ್ಟೂರು ಹಿಂದೊಮ್ಮೆ ಕೆರೆ-ಹೊಲಗಳ ನಡುವಣ ಹಳ್ಳಿಯಾಗಿತ್ತು. ಇಂದು ಅದು ಬಡಾವಣೆಗಳ ಊರು. ಹೊಲಗಳು ನಿವೇಶನಗಳಾಗಿವೆ, ಮನೆಗಳ ಮುಂದೆ, ಬೀದಿಯ ಎರಡೂ ಬದಿಗೆ ಕಾರುಗಳು ನಿಂತಿವೆ. ಇಂಥ ಬೀದಿಯಲ್ಲಿ ಬೆಳೆಯುವ ಹುಡುಗನಿಗೋ ಹುಡುಗಿಗೋ ಹದಿನೆಂಟು ತುಂಬುವ ಹೊತ್ತಿಗೆ ತನ್ನದೇ ಒಂದು ಕಾರು ಬೇಕೆನಿಸುವುದು ಅಸಹಜವಲ್ಲ. ಈ ಬಯಕೆಗೆ ತಂದೆತಾಯಿಯರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಉತ್ತರಿಸುತ್ತಾರೆ. ಒಂದೋ ಗದರಿಸಿ ಸುಮ್ಮನಾಗಿಸುತ್ತಾರೆ, ಇಲ್ಲವೇ ಸಾಲ ಮಾಡಿ ಕೊಡಿಸುತ್ತಾರೆ. ಎರಡರಿಂದಲೂ ಮಕ್ಕಳು ಕಲಿಯುವುದು ಏನೂ ಇಲ್ಲ.

ಅಟ್ಟೂರಿನ ಕಾರಿಗೂ ಸಹ್ಯಾದ್ರಿಯ ಹಳ್ಳಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಎರಡು ಬಗೆಯದು. ನಗರ ಸೇರಿದ ಮಕ್ಕಳ, ಮೊಮ್ಮಕ್ಕಳ ಕಾರಿಗೆ ಹಣ ಅನೇಕ ಸಲ ಬೆಟ್ಟದ ಮೇಲಿನ ತೋಟದಿಂದಲೇ ಇಳಿದುಹೋಗುತ್ತದೆ. ಹಾಗೆ ಕೊಂಡ ಕಾರು ವಾರದ ಕೊನೆಗೆ ಮತ್ತೆ ಬೆಟ್ಟವನ್ನೇ ಏರಿಬರುತ್ತದೆ. ಮುಳ್ಳಯ್ಯನಗಿರಿಯ ಇಕ್ಕಟ್ಟಾದ ರಸ್ತೆಯಲ್ಲಿ ವಾಹನಗಳ ಸಾಲು ಮಿತಿಮೀರಿದ್ದರಿಂದ 2025ರಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತ ದಿನಕ್ಕೆ ಇಷ್ಟೇ ವಾಹನಗಳೆಂದು ಮಿತಿ ಹಾಕಿ, ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಬೇಕಾಯಿತು. ಆದ್ದರಿಂದ ನಗರದ ಮನೆಯೊಂದರಲ್ಲಿ ಆಗುವ ಈ ತೀರ್ಮಾನ ಗಿರಿವಾಸಿಗಳ ಚಿಂತನೆಗೂ ಸೇರಿದ್ದು.

ಉದಾಹರಣೆಗೆ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತೀರ್ಥಹಳ್ಳಿಯ ಕಡೆಯಿಂದ ಉದ್ಯೋಗಕ್ಕಾಗಿ ಬಂದ ದಂಪತಿಗಳು ಅಟ್ಟೂರಿನಲ್ಲಿ ನೆಲೆಸಿದ್ದಾರೆ. ಊರಿನಲ್ಲಿ ಅಜ್ಜನ ಅಡಿಕೆ ತೋಟವಿದೆ. ಹದಿಮೂರು ವರ್ಷದ ಮಗಳು ತನಗೆ ಹದಿನೆಂಟಾದಾಗ ಕಾರು ಬೇಕೆನ್ನುತ್ತಾಳೆ. ಆಗ ‘ಬೇಡ’ವೆಂದೂ ಹೇಳದೆ, ‘ಕೊಡಿಸುತ್ತೇವೆ’ ಎಂದೂ ಹೇಳದೆ, ‘ಇಂದಿನಿಂದಲೇ ಕೂಡಿಡು, ನಾವೂ ಕೈಜೋಡಿಸುತ್ತೇವೆ’ ಎನ್ನುವ ಮೂರನೆಯ ಉತ್ತರವೊಂದಿದೆ. ಈ ಲೇಖನದ ವಾದ ಅದರ ಪರವಾದದ್ದು.

ಹತ್ತು ವರ್ಷ ಮೀರಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮದೇ ಹೆಸರಿನಲ್ಲಿ ಐದು ವರ್ಷಗಳ ಆವರ್ತ ಠೇವಣಿ ತೆರೆಯಬಹುದು. ತಿಂಗಳಿಗೆ 100 ರೂಪಾಯಿಯಿಂದಲೂ ಆರಂಭಿಸಬಹುದು. ಮಗಳು ಒಂದು ರೂಪಾಯಿ ಹಾಕಿದರೆ ಮನೆಯವರು ಮೂರು ಹಾಕುವುದೆಂಬ ಒಪ್ಪಂದವಾಯಿತೆಂದು ತಿಳಿಯೋಣ. ಹಬ್ಬಕ್ಕೆ ಹಿರಿಯರು ಕೊಟ್ಟ ಹಣ, ಕೈಖರ್ಚಿನಲ್ಲಿ ಉಳಿದದ್ದು, ಕೊಯ್ಲಿನ ಕಾಲದ ರಜೆಯಲ್ಲಿ ಅಜ್ಜನ ಮನೆಯ ಅಂಗಳದಲ್ಲಿ ಅಡಿಕೆ ಸುಲಿದು ಗಳಿಸಿದ್ದು, ಇವೆಲ್ಲ ಸೇರಿ ಅವಳ ಪಾಲು ತಿಂಗಳಿಗೆ 500 ರೂಪಾಯಿಯಾದರೆ ಮನೆಯವರದು 1,500. ಸುಲಿದ ಅಡಿಕೆಗೆ ಉಳಿದವರಿಗೆ ಕೊಡುವ ಕೂಲಿಯನ್ನೇ ಅಜ್ಜ ಮೊಮ್ಮಗಳಿಗೂ ಅಳೆದು ಕೊಡಬೇಕು. ಒಂದು ರೂಪಾಯಿ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಶೇಕಡ 6.7ರ ಬಡ್ಡಿಯಂತೆ, ತಿಂಗಳಿಗೆ 2,000 ರೂಪಾಯಿ ಐದು ವರ್ಷಗಳಲ್ಲಿ ಸುಮಾರು 1,42,000 ರೂಪಾಯಿಯಾಗುತ್ತದೆ. ಕಟ್ಟಿದ ಅಸಲು 1,20,000. ಬಡ್ಡಿಯಾಗಿ ಬಂದದ್ದು ಸುಮಾರು 22,000.

ಬೆಟ್ಟದ ಜನರಿಗೆ ಈ ಐದು ವರ್ಷಗಳ ಅವಧಿ ಅಪರಿಚಿತವಲ್ಲ. ಅಡಿಕೆ ಸಸಿ ನೆಟ್ಟವರು ಮೊದಲ ಫಸಲಿಗೆ ಐದಾರು ವರ್ಷವಾದರೂ ಕಾಯುತ್ತಾರೆ. ಆ ವರ್ಷಗಳಲ್ಲಿ ಸಸಿಗೆ ನೆರಳು ಮಾಡಬೇಕು, ಬಸಿಗಾಲುವೆ ತೆಗೆಯಬೇಕು, ಸತ್ತ ಸಸಿಯ ಜಾಗದಲ್ಲಿ ಇನ್ನೊಂದನ್ನು ನೆಡಬೇಕು. ಕಾಯುವುದೆಂದರೆ ಸುಮ್ಮನೆ ಕುಳಿತಿರುವುದಲ್ಲ ಎಂಬುದು ತೋಟದಲ್ಲಿ ಬೆಳೆದವರಿಗೆ ತಾನಾಗಿ ತಿಳಿಯುತ್ತದೆ. ಅಟ್ಟೂರಿನಲ್ಲಿ ಬೆಳೆದ ಮಗುವಿಗೆ ಅದನ್ನು ತಿಳಿಸಲು ಒಂದು ಪಾಸ್‌ಪುಸ್ತಕ ಸಾಕು.

ಈಗ ಕೊಳ್ಳುವ ಲೆಕ್ಕಕ್ಕೆ ಬರೋಣ. ಷೋರೂಮಿನ ಬೆಲೆ 6 ಲಕ್ಷ ರೂಪಾಯಿಯ ಒಂದು ಸಣ್ಣ ಪೆಟ್ರೋಲ್ ಕಾರು. ಕರ್ನಾಟಕದಲ್ಲಿ 5ರಿಂದ 10 ಲಕ್ಷದವರೆಗಿನ ಇಂಥ ಕಾರಿಗೆ ಜೀವಿತಾವಧಿ ತೆರಿಗೆಯ ದರ ಶೇಕಡ 14. ಅದೇ 84,000 ರೂಪಾಯಿ; ಅದರ ಮೇಲೆ ಉಪಕರ ಬೇರೆ. 2018ರಿಂದ ಹೊಸ ಕಾರಿಗೆ ಮೂರು ವರ್ಷಗಳ ಮೂರನೇ ವ್ಯಕ್ತಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು. ಎಲ್ಲ ಸೇರಿ ಕಾರು ಮನೆ ಮುಟ್ಟುವಾಗ ವೆಚ್ಚ 7 ಲಕ್ಷ ದಾಟುತ್ತದೆ. ಕೂಡಿಟ್ಟ 1,42,000 ಕಳೆದು, 5 ಲಕ್ಷ ಸಾಲ ಪಡೆದು, ಮಿಕ್ಕದ್ದನ್ನು ಅಜ್ಜನಿಂದ ತರಿಸಿದರೆಂದುಕೊಳ್ಳೋಣ. ಶೇಕಡ 9ರ ಬಡ್ಡಿಯಲ್ಲಿ, ಐದು ವರ್ಷದ ಸಾಲಕ್ಕೆ ತಿಂಗಳ ಕಂತು ಸುಮಾರು 10,380 ರೂಪಾಯಿ. ಅವಧಿ ಮುಗಿಯುವಾಗ ಕಟ್ಟಿದ ಬಡ್ಡಿಯೇ ಸುಮಾರು 1,22,000. ಅಂದರೆ ಮಗಳೂ ಮನೆಯವರೂ ಐದು ವರ್ಷ ಜೋಪಾನವಾಗಿ ಕಟ್ಟಿದ ಅಸಲು ಮುಂದಿನ ಐದು ವರ್ಷಗಳ ಸಾಲದ ಬಡ್ಡಿಗೂ ಸಾಲುವುದಿಲ್ಲ. ಬಡ್ಡಿ ಗಳಿಸುವವರಿಗೂ ಬಡ್ಡಿ ತೆರುವವರಿಗೂ ಇರುವ ಈ ಅಂತರವನ್ನು ಹದಿನೆಂಟರ ಹರೆಯದವರು ಸ್ವಂತ ಕೈಯಿಂದ ಬರೆದು ನೋಡಬೇಕು. ಯಾವ ಉಪದೇಶಕ್ಕಿಂತಲೂ ಅದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಓಡಿಸುವ ಖರ್ಚು ಇನ್ನೂ ಬಂದಿಲ್ಲ. ಅಟ್ಟೂರಿನಿಂದ ಕಾಲೇಜಿಗೆ ಹೋಗಿಬರಲು ದಿನಕ್ಕೆ 30 ಕಿಲೋಮೀಟರ್, ತಿಂಗಳಿಗೆ 25 ದಿನವೆಂದರೆ 750 ಕಿಲೋಮೀಟರ್. ಹೆಬ್ಬಾಳದ ದಟ್ಟಣೆಯಲ್ಲಿ ಲೀಟರಿಗೆ 15 ಕಿಲೋಮೀಟರ್ ದೊರೆತರೆ 50 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರೇ ರೂಪಾಯಿ ಎಂದು ಹಿಡಿದರೂ 5,000 ರೂಪಾಯಿ. ಕಂತಿನೊಡನೆ ಸೇರಿಸಿದರೆ ತಿಂಗಳಿಗೆ 15,000 ಮೀರುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಇದೇ ಹುಡುಗಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣ ಕೊಡದೆ ಪ್ರಯಾಣಿಸಬಹುದು ಎಂಬುದನ್ನು ಲೆಕ್ಕದ ಪುಸ್ತಕದ ಎದುರು ಪುಟದಲ್ಲಿ ಬರೆಯಬೇಕು.

ಇಷ್ಟೂ ರಸೀದಿಯಲ್ಲಿ ಕಾಣುವ ವೆಚ್ಚ. ಕಾಣದ ವೆಚ್ಚವೂ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. 50 ಲೀಟರಿಗೆ 115 ಕಿಲೋಗ್ರಾಂ, ಅದೂ ಪ್ರತಿ ತಿಂಗಳು. ಬೆಂಗಳೂರಿನ ನೋಂದಾಯಿತ ವಾಹನಗಳ ಸಂಖ್ಯೆ ಈಗಾಗಲೇ ಒಂದು ಕೋಟಿ ಮೀರಿದೆ. ಅವು ಓಡುವ ರಸ್ತೆಗೆ, ನಿಲ್ಲುವ ಅಂಗಳಕ್ಕೆ ಕಲ್ಲು ಬರುವುದು ಯಾವುದೋ ಗುಡ್ಡವನ್ನು ಒಡೆದೇ. ಕಾಂಕ್ರೀಟು ಹೊದ್ದ ನೆಲ ಮಳೆನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಉಕ್ಕಿ, ಸಮೀಪದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಗಿ, ನಿವಾಸಿಗಳನ್ನು ದೋಣಿಯಲ್ಲಿ ಕರೆತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಅದೇ ದೃಶ್ಯ ಮರುಕಳಿಸಿತು. ನೀರಿಗೆ ಇಂಗಲು ಜಾಗ ಉಳಿಸದ ಊರಿನಲ್ಲಿ ಕಾರಿಗೂ ನಿಲ್ಲಲು ಜಾಗ ಉಳಿಯುವುದಿಲ್ಲ.

ಮಲೆನಾಡಿನ ಪಾಲಿಗೆ ಇದರಲ್ಲಿ ಇನ್ನೂ ಹತ್ತಿರದ ಅಪಾಯವಿದೆ. ಅಡಿಕೆ ತೋಟಗಳು ಕೆಲವು ವರ್ಷಗಳಿಂದ ಎಲೆಚುಕ್ಕೆ ರೋಗದಿಂದ ಬಳಲುತ್ತಿವೆ. ಕೊಳೆರೋಗವಂತೂ ಮಳೆಗಾಲದ ಹಳೆಯ ಶತ್ರು. ಮುಂಗಾರಿನ ಆರಂಭದಲ್ಲಿ ಒಮ್ಮೆ, ಬಳಿಕ ಸುಮಾರು ನಲವತ್ತು ದಿನಗಳಿಗೆ ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಗೊನೆ ಉಳಿಯುವುದು ಕಷ್ಟ. ಮೈಲುತುತ್ತ, ಸುಣ್ಣ, ಮರ ಏರುವವರ ಕೂಲಿ ಎಲ್ಲಕ್ಕೂ ಕೈಯಲ್ಲಿ ಹಣ ಬೇಕಾಗುವುದು ಆ ದಿನಗಳಲ್ಲೇ. ಮೊಮ್ಮಗಳ ಕಾರಿಗೆಂದು ಅಜ್ಜ ಆ ಹಣವನ್ನು ಕೊಟ್ಟುಬಿಟ್ಟು ಎರಡನೆಯ ಸಿಂಪಡಣೆಯನ್ನು ತಪ್ಪಿಸಿದರೆ, ನೆಲಕ್ಕೆ ಉದುರುವ ಕಾಯಿಗಳ ಬೆಲೆಯನ್ನೂ ಕಾರಿನ ಬೆಲೆಗೇ ಸೇರಿಸಬೇಕು. ಪ್ರೀತಿಗಾಗಿ ಕೊಟ್ಟ ಹಣವೆಂದು ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯದೆ ಬಿಟ್ಟದ್ದೇ ತೋಟವನ್ನು ಸಾಲಕ್ಕೆ ದೂಡುತ್ತದೆ.

ಕಾರೇ ಕೂಡದೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಮಳೆಗಾಲದಲ್ಲಿ ಬಸ್ಸು ಬಾರದ ಹಳ್ಳಿಯಲ್ಲಿ ಒಂದು ಜೀಪು ಹೆರಿಗೆಗೂ ಹಾವು ಕಡಿತಕ್ಕೂ ಆಂಬುಲೆನ್ಸ್ ಆಗುತ್ತದೆ. ಅದನ್ನು ಆಡಂಬರವೆನ್ನುವ ಅಧಿಕಾರ ಯಾರಿಗೂ ಇಲ್ಲ. ರಾತ್ರಿ ಪಾಳಿಯ ಕೆಲಸದಿಂದ ಮನೆಗೆ ಮರಳುವ ಹೆಣ್ಣುಮಗಳ ಸುರಕ್ಷತೆಯ ಪ್ರಶ್ನೆಯೂ ನಿಜವಾದದ್ದೇ. ಆದರೆ ಅವಶ್ಯಕತೆ ಯಾವುದು, ನೆರೆಮನೆಯವರನ್ನು ನೋಡಿ ಹುಟ್ಟಿದ ಬಯಕೆ ಯಾವುದು ಎಂದು ಬೇರ್ಪಡಿಸಲು ಸಮಯ ಬೇಕು. ಕೂಡಿಡುವ ಐದು ವರ್ಷಗಳು ಒದಗಿಸುವುದು ಆ ಸಮಯವನ್ನೇ.

ಆತುರಪಡುವ ಪೋಷಕರು ಒಂದು ಕಾನೂನನ್ನು ಮರೆಯಬಾರದು. ಹದಿನೆಂಟು ತುಂಬದವರಿಗೆ ಕಾರಿನ ಕಲಿಕಾ ಲೈಸೆನ್ಸ್ ಕೂಡ ದೊರೆಯದು. 2019ರ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಓಡಿಸಿದ ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗದು. ‘ನಮ್ಮ ಬೀದಿಯಲ್ಲಿ ತಾನೇ’ ಎಂದು ಕೀಲಿ ಕೊಡುವವರು ಮಗುವಿಗೆ ನೆರವಾಗುತ್ತಿಲ್ಲ.

ಹಾಗಾದರೆ ನಿಜವಾದ ನೆರವು ಯಾವುದು? ಖಾತೆಯೂ ಲೆಕ್ಕದ ಪುಸ್ತಕವೂ ಮಕ್ಕಳ ಕೈಯಲ್ಲಿರಲಿ. ಮನೆಯವರ ಪಾಲು ಮಕ್ಕಳ ಪಾಲಿಗೆ ಹೊಂದಿಕೊಂಡಿರಲಿ; ಅವರು ಕಟ್ಟದ ತಿಂಗಳು ಮನೆಯವರೂ ಕಟ್ಟುವುದು ಬೇಡ. ತೋಟದ ಹಣವನ್ನು ಇದರಿಂದ ದೂರವಿಡಬೇಕು. ಹದಿನೆಂಟಾದ ಮೇಲೆ ಮೊದಲು ಲೈಸೆನ್ಸ್, ಬಳಿಕ ಮನೆಯಲ್ಲಿರುವ ಕಾರಿನಲ್ಲೇ ಒಂದು ವರ್ಷದ ಅಭ್ಯಾಸ. ಆಗಲೂ ಬೇಕೆನಿಸಿದರೆ ಕೂಡಿಟ್ಟ ಹಣದ ಮಿತಿಯೊಳಗೆ ದೊರೆಯುವ ಹಳೆಯ ಸಣ್ಣ ಕಾರನ್ನು ನೋಡಬಹುದು. ರಾಜ್ಯದಲ್ಲೇ ನೋಂದಣಿಯಾದ ಅಂಥ ಕಾರಿಗೆ ಜೀವಿತಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕಿಲ್ಲ. ಹಿಂದಿನವರ ಸಾಲ ತೀರಿದೆಯೇ, ವಿಮೆ ಚಾಲ್ತಿಯಲ್ಲಿದೆಯೇ, ಬಾಕಿ ದಂಡಗಳಿವೆಯೇ ಎಂದು ಪರಿಶೀಲಿಸಿ, ನೋಂದಣಿಯನ್ನು ಹೆಸರಿಗೆ ವರ್ಗಾಯಿಸಿಕೊಳ್ಳುವ ಕೆಲಸವನ್ನು ಮಕ್ಕಳೇ ಮುಂದೆ ನಿಂತು ಮಾಡಲಿ. ಹಿರಿಯರು ಜೊತೆಗಿದ್ದರೆ ಸಾಕು.

ಕೊನೆಯ ತೀರ್ಮಾನ ಮಾತ್ರ ಹಣ ಕೂಡಿಟ್ಟವರದ್ದೇ ಆಗಿರಬೇಕು. ಐದು ವರ್ಷಗಳ ಬಳಿಕ ಆ ಹುಡುಗಿ ಕಾರನ್ನೇ ಕೊಳ್ಳಬಹುದು. ಓದಿನ ಶುಲ್ಕಕ್ಕೆ ತೆಗೆದಿಡಬಹುದು. ಅಜ್ಜನ ತೋಟದಲ್ಲಿ ಸತ್ತ ಮರಗಳ ಜಾಗಕ್ಕೆ ಸಸಿ ಕೊಡಿಸಬಹುದು. ಕಾರು ಕೊಂಡರೆ ಅವಳು ಸೋತಳೆಂದು ಪರಿಸರಾಸಕ್ತರು ಭಾವಿಸಬೇಕಾಗಿಲ್ಲ. ತನ್ನ ದುಡಿಮೆಯ ಹಣದಿಂದ, ಪೂರ್ತಿ ಲೆಕ್ಕ ತಿಳಿದು ಕೊಂಡವಳು ಅದನ್ನು ಹಾಲಿನಂಗಡಿಗೆ ಹೋಗಲು ಹೊರತೆಗೆಯಲಾರಳು. ಸಾಲದ ಕಾರನ್ನು ಉಡುಗೊರೆಯಾಗಿ ಪಡೆದವರು ಮಾತ್ರ ಅದನ್ನು ನೀರಿನಂತೆ ಬಳಸುತ್ತಾರೆ.

ಈ ಪುಟಗಳನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಬೆಂಗಳೂರಿನ ಇಂಥದೇ ಬಡಾವಣೆಗಳನ್ನು ಸೇರಲಿದ್ದಾರೆ. ಹೊರಡುವ ಮುನ್ನ ಹತ್ತಿರದ ಅಂಚೆ ಕಚೇರಿಯಲ್ಲಿ ಒಂದು ಖಾತೆ ತೆರೆಯಲಿ. ಅದರ ಜೊತೆಗೆ ಒಂದು ನೋಟುಪುಸ್ತಕ ಇಟ್ಟುಕೊಂಡು, ಮೊದಲ ಪುಟದಲ್ಲಿ ತಮಗೆ ಬೇಕಾದ ವಸ್ತುವಿನ ಹೆಸರನ್ನೂ ಆ ದಿನದ ತಾರೀಖನ್ನೂ ಬರೆಯಲಿ. ಐದು ವರ್ಷ ಕಳೆದ ಮೇಲೂ ಆ ಹೆಸರು ಹಾಗೆಯೇ ಉಳಿದಿದ್ದರೆ, ಕೊಳ್ಳಲು ಅಡ್ಡಿಯಿಲ್ಲ.