ಕಲ್ಲಿನ ಬಸವನಿಂದ ಕಾವಲಿನ ಬಸವನೆಡೆಗೆ

ಚಳಿಗಾಲ ಬಂತೆಂದರೆ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಸಡಗರ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ಮಕ್ಕಳು ಹಂಪಿಯನ್ನೂ ತುಂಗಭದ್ರಾ ಅಣೆಕಟ್ಟನ್ನೂ ನೋಡಿ ಬರುತ್ತಾರೆ. ಕುರುಗೋಡಿನ ದೊಡ್ಡಬಸವೇಶ್ವರನಿಗೆ ಕೈಮುಗಿಯುತ್ತಾರೆ. ಆದರೆ ಬಸವ ಮೇಯುವ ನೆಲ ಯಾವುದೆಂಬ ಪಾಠ ಅವರಿಗೆ ದೊರೆಯುವುದಿಲ್ಲ. ಆ ಪಾಠ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ.

ಅಲ್ಲಿನ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ಹಿಂದೆ ಮೂರು ಶತಮಾನಗಳಿಗೂ ಮೀರಿದ ಇತಿಹಾಸವಿದೆ. ಚಿಕ್ಕದೇವರಾಜ ಒಡೆಯರ (1673–1704) ಕಾಲದ ‘ಬೆಣ್ಣೆಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಆಯಿತು. ಅರಮನೆಗೆ ಹಾಲು, ಬೆಣ್ಣೆ ಒದಗಿಸಿದ ಹಸುಗಳ ಹೋರಿಗರುಗಳೇ ಬೆಳೆದು ಸೈನ್ಯದ ತೋಪುಗಳನ್ನೆಳೆದವು. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳಿದ್ದವು. ಮಂದೆ ಮುಂದೆ ಸಾಗಿದಂತೆ ಹಿಂದಿನ ಹುಲ್ಲು ಮತ್ತೆ ಚಿಗುರುತ್ತಿತ್ತು. 1860ರಲ್ಲಿ ಖರ್ಚು ಉಳಿಸಲೆಂದು ಬ್ರಿಟಿಷ್ ಆಡಳಿತ ಮಂದೆಗಳನ್ನು ಮಾರಿತು. 1866ರಲ್ಲಿ ಅವನ್ನೇ ಮತ್ತೆ ಕಟ್ಟಬೇಕಾಯಿತು.

ಮಾರಿದ ದನವನ್ನು ಮರಳಿ ಕೂಡಿಸಬಹುದು, ಕಳೆದ ಕಾವಲನ್ನಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು 10,000 ಎಕರೆ ನೆಲ 2008ರ ನಂತರದ ವರ್ಷಗಳಲ್ಲಿ ರಕ್ಷಣಾ, ಅಣುಶಕ್ತಿ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಸುತ್ತಲಿನ ಹಳ್ಳಿಗಳ ಕುರಿಗಾಹಿಗಳ ದಾರಿಗೆ ಗೋಡೆ ಬಂದಿತು; 2013ರಲ್ಲಿ ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದಿತ್ತು. ಮರವಿಲ್ಲದ ನೆಲವೆಲ್ಲ ಬಂಜರು ಎಂಬ ತಪ್ಪು ಎಣಿಕೆಯೇ ಇಂಥ ನಷ್ಟದ ಮೂಲ. ಆ ‘ಬಂಜರಿ’ನಲ್ಲಿಯೇ ಕೃಷ್ಣಮೃಗ ಬಾಳುತ್ತದೆ. ಸಿರುಗುಪ್ಪದ ಎರೆಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರ್ಲಡ್ಡು ಹಕ್ಕಿಗೂ ಬೇಕಾದುದು ಇಂಥ ಬಯಲೇ.

ಆದ್ದರಿಂದ ಅಜ್ಜಂಪುರದ ಭೇಟಿ ಬುತ್ತಿ ಉಂಡು, ಫೋಟೋ ತೆಗೆಸಿಕೊಂಡು ಮರಳುವ ವಿಹಾರವಾಗಬಾರದು. ಶಿಕ್ಷಕರು ಮೊದಲೇ ಅನುಮತಿ ಪಡೆದು, ಸಣ್ಣ ಗುಂಪುಗಳಲ್ಲಿ ಮಕ್ಕಳನ್ನು ಕರೆದೊಯ್ಯಲಿ. ಹಿಂದಕ್ಕೆ ಬಾಗಿದ ನೀಳ ಕೊಂಬಿನ ಆ ರಾಸುಗಳನ್ನು ದೂರದಿಂದಲೇ ನೋಡಲಿ. ದನಗಾಹಿಗಳನ್ನೇ ಗುರುಗಳೆಂದು ಭಾವಿಸಿ ಹುಲ್ಲಿನ ಹೆಸರುಗಳನ್ನು ಕೇಳಿ ಬರೆದುಕೊಳ್ಳಲಿ.

ನಿಜವಾದ ಪಾಠ ಊರಿಗೆ ಮರಳಿದ ಮೇಲೆ ಆರಂಭವಾಗಬೇಕು. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ಜಾನುವಾರುಗಳಿಗೆ 30 ಎಕರೆ ಗೋಮಾಳ ಇರಬೇಕು. ತಮ್ಮೂರಿನಲ್ಲಿ ದನವೆಷ್ಟು, ಗೋಮಾಳವೆಷ್ಟು, ಉಳಿದದ್ದೆಲ್ಲಿ ಹೋಯಿತು? ಬಯಲುಸೀಮೆಯ ಮಕ್ಕಳಂತೆ ಬೆಟ್ಟದೂರಿನ ಮಕ್ಕಳೂ ಈ ಲೆಕ್ಕವನ್ನು ಮಾಡಿ ಗ್ರಾಮಸಭೆಯ ಮುಂದಿಡಲಿ. ಉತ್ತರ ಹೇಳಬೇಕಾದವರು ಹಿರಿಯರು.