ಭರಣಿಗೊಂದು ಲೈಸೆನ್ಸು

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಹೋದ ಡಿಸೆಂಬರಿನಲ್ಲಿ ಬಿಜೈಯ ನಮ್ಮ ಮನೆಗೆ ಬಂದವನು ಕಿಸೆಯಿಂದ ಒಂದು ಪಟ್ಟಿ ತೆಗೆದ. ಮನೆಯಲ್ಲೇ ಬಿಯರ್ ಮಾಡಲು ಬೇಕಾದ ಸಾಮಾನಂತೆ. ಚೂಪು ತಳದ ಸ್ಟೀಲ್ ಡ್ರಮ್ಮು, ತಾಮ್ರದ ಸುರುಳಿ ಕೊಳವೆ, ಬಾಟಲಿಗೆ ಮುಚ್ಚಳ ಒತ್ತುವ ಯಂತ್ರ, ಥರ್ಮಾಮೀಟರ್, ಹೈಡ್ರೋಮೀಟರ್, ಹೆಸರೇ ಗೊತ್ತಿಲ್ಲದ ಇನ್ನೂ ಏನೇನೋ. ಒಟ್ಟು ಲೆಕ್ಕ ಅವನ ಒಂದು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ. "ದೊಡ್ಡಮ್ಮ, ಇಷ್ಟು ಇಲ್ಲದೆ ಶುರು ಮಾಡ್ಲಿಕ್ಕೇ ಆಗುದಿಲ್ಲ" ಎಂದ. "ಯಾರು ಹೇಳಿದ್ದು ಮಾರಾಯ?" ಎಂದು ಕೇಳಿದೆ. ಹೇಳಿದವರು ಬೇರೆ ಯಾರೂ ಅಲ್ಲ, ಅದನ್ನು ಮಾರುವವರೇ!

ನನಗೆ ಸಿಟ್ಟು ಬಂತು. ಹುಳಿ ಬರಿಸುವ ವಿದ್ಯೆಯನ್ನು ಹೆಂಗಸರು ಸಾವಿರಾರು ವರ್ಷ ಅಡುಗೆಮನೆಯಲ್ಲಿ ಕಾಪಾಡಿಕೊಂಡು ಬಂದರು. ಸುಮೇರಿಯದವರ ಬಿಯರಿನ ದೇವತೆ ನಿಂಕಾಸಿ ಕೂಡ ಹೆಣ್ಣೇ. ಈಗ ಅದು ಗಂಡು ಮಕ್ಕಳ ಹವ್ಯಾಸವಾಗಿ, ಪೆಟ್ಟಿಗೆಯೊಳಗೆ ಕೂತು, ಬೆಲೆಚೀಟಿ ಅಂಟಿಸಿಕೊಂಡು ವಾಪಸು ಬಂದಿದೆ.

ನಮ್ಮ ಪಕ್ಕದ ಮನೆಯ ಬಾಯಿ ನಲವತ್ತು ವರ್ಷಗಳಿಂದ ಕ್ರಿಸ್ಮಸ್ಸಿಗೆ ದ್ರಾಕ್ಷಿ ವೈನ್ ಮಾಡುತ್ತಾರೆ. ಅವರ ಸಾಮಾನು ಇಷ್ಟೇ: ಒಂದು ಪಿಂಗಾಣಿ ಭರಣಿ, ಒಂದು ಮರದ ಸೌಟು, ತೆಳು ಮಲ್ಲು ಬಟ್ಟೆ, ಕಟ್ಟಲು ದಾರ. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ ಹಾಕಿ ದಿನಾ ಒಮ್ಮೆ ಕೈಯಾಡಿಸಿ, 21ನೇ ದಿನ ಸೋಸುತ್ತಾರೆ. ಸೋಸುವ ಮೊದಲು ಮೂಸಿ ನೋಡುತ್ತಾರಲ್ಲ, ಆ ಮೂಗಿಗೆ ಸರಿಸಮವಾದ ಯಂತ್ರವನ್ನು ನಾನಿನ್ನೂ ಕಂಡಿಲ್ಲ.

ಹಾಗಂತ ಪಾತ್ರೆ ಯಾವುದಾದರೂ ನಡೆಯುತ್ತದೆ ಎಂದು ನಾನು ಹೇಳುವುದಿಲ್ಲ. ಪಾತ್ರೆಯೇ ಮುಖ್ಯ. ನಮ್ಮ ಮೂರ್ತೆದಾರರನ್ನು ಕೇಳಿ. ಮರದ ಮೇಲೆ ಕಟ್ಟುವ ಮಡಕೆಯ ಒಳಗೆ ಸುಣ್ಣ ಬಳಿದರೆ ಇಳಿದ ರಸ ಹುಳಿಯಾಗದೆ ಬೆಲ್ಲಕ್ಕೆ ಸಲ್ಲುತ್ತದೆ. ಬಳಿಯದಿದ್ದರೆ ಅದೇ ರಸ ಮಧ್ಯಾಹ್ನದೊಳಗೆ ಶೇಂದಿ. ಮರ ಒಂದೇ, ಮಡಕೆಯಲ್ಲಿ ಮಾತ್ರ ವ್ಯತ್ಯಾಸ.

ಪಾತ್ರೆಯ ವಿಷಯದಲ್ಲಿ ನಾನೂ ಪಾಠ ಕಲಿತವಳೇ. ಮದುವೆಯಾದ ಹೊಸತರಲ್ಲಿ ಬಾಯಿ ಕೊಟ್ಟ ಇನ್ನೂ ಹುಳಿ ಏಳುತ್ತಿದ್ದ ರಸವನ್ನು ಅತ್ತೆಯ ಕಣ್ಣಿಗೆ ಬೀಳದ ಹಾಗೆ ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಅಟ್ಟದಲ್ಲಿಟ್ಟೆ. ಮೂರನೆಯ ರಾತ್ರಿ ಗುಂಡು ಹೊಡೆದ ಸದ್ದು! ಬೆಳಿಗ್ಗೆ ನೋಡಿದರೆ ಗೋಡೆಯಿಡೀ ನೇರಳೆ, ಅತ್ತೆಯ ಹಪ್ಪಳದ ಡಬ್ಬಿಯ ಸುತ್ತ ಗಾಜಿನ ಚೂರು. ಸಕ್ಕರೆ ತಿಂದ ಈಸ್ಟು ಅಮಲನ್ನು ಮಾತ್ರ ಕೊಡುವುದಿಲ್ಲ, ಗಾಳಿಯನ್ನೂ ಬಿಡುತ್ತದೆ, ಆ ಗಾಳಿಗೆ ದಾರಿ ಬೇಕು ಎಂದು ನನಗೆ ತಿಳಿದದ್ದು ಹಾಗೆ. ಅತ್ತೆ ಒಂದು ವಾರ ಮಾತು ಬಿಟ್ಟರು. ಅದು ಬೇರೆ ಕಥೆ.

ಆದ್ದರಿಂದ ಹುಡುಗನ ಪಟ್ಟಿಯನ್ನು ಕೂತು ತಿದ್ದಿದೆ. ಐದು ಲೀಟರ್ ಬಿಯರಿಗೆ ಸುಮಾರು ಒಂದು ಕಿಲೋ ಬಾರ್ಲಿ ಮಾಲ್ಟ್ ಸಾಕು. ಮಾಲ್ಟ್ ಅಂದರೆ ಎಂತ? ಮಗುವಿನ ಮಣ್ಣಿಗೆ ನಾವು ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತೇವಲ್ಲ, ಅದೇ ಕೆಲಸ. ಮೊಳಕೆ ಬಂದಾಗ ಕಾಳಿನೊಳಗಿನ ಹಿಟ್ಟನ್ನು ಸಕ್ಕರೆ ಮಾಡುವ ಶಕ್ತಿ ಹುಟ್ಟುತ್ತದೆ. ಅದನ್ನು 65 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಒಂದು ಗಂಟೆ ಇಡಬೇಕು. ಅದಕ್ಕೆ ಥರ್ಮಾಮೀಟರ್ ಇರಲಿ. ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಲು ಮದುವೆಗೆ ಬಂದ ಸ್ಟೀಲ್ ತಪ್ಪಲೆ ಧಾರಾಳ. ತಾಮ್ರದ ಸುರುಳಿ ಬೇಡ, ತಪ್ಪಲೆಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಕೂರಿಸು. ಹುಳಿ ಬರಿಸಲು ಭರಣಿ ಅಥವಾ ಗಾಜಿನ ಜಾಡಿ. ಹಿತ್ತಾಳೆ ಕೂಡದು, ಗೀರು ಬಿದ್ದ ಪ್ಲಾಸ್ಟಿಕ್ ಕೂಡದು, ಮೆರುಗು ಬಿರುಕು ಬಿಟ್ಟ ಹಳೇ ಭರಣಿಯೂ ಕೂಡದು. ಬಿರುಕಿನಲ್ಲಿ ಕೆಟ್ಟ ಹುಳಿ ಮನೆ ಮಾಡಿಕೊಂಡು ಕೂರುತ್ತದೆ. ಬಾಯಿಯಿಂದ ಒಂದು ರಬ್ಬರ್ ನಳಿಗೆ ತೆಗೆದು ನೀರಿನ ಲೋಟದಲ್ಲಿ ಮುಳುಗಿಸಿದರೆ ಗಾಳಿ ಹೊರಗೆ ಹೋಗುತ್ತದೆ, ನೊಣ ಒಳಗೆ ಬರುವುದಿಲ್ಲ. ಹೈಡ್ರೋಮೀಟರನ್ನು ಹೊಡೆದು ಹಾಕಲಿಲ್ಲ. ಎರಡು ಮೂರು ದಿನ ಅದು ಒಂದೇ ಅಂಕಿ ತೋರಿಸಿದರೆ ಹುಳಿ ನಿಂತಿತು, ಬಾಟಲಿಗೆ ತುಂಬಬಹುದು ಎಂದು ಅರ್ಥ. ಅಂದು ನನ್ನ ಹತ್ತಿರ ಅದೊಂದು ಇದ್ದಿದ್ದರೆ ಗೋಡೆ ಉಳಿಯುತ್ತಿತ್ತು. ಇನ್ನು ಶುಚಿ. ಅದನ್ನು ಉಪ್ಪಿನಕಾಯಿ ಹಾಕುವವರಿಗೆ ಯಾರೂ ಕಲಿಸಬೇಕಾಗಿಲ್ಲ.

ಹವೆಯನ್ನು ಮಾತ್ರ ಯಾವ ಪೆಟ್ಟಿಗೆಯೂ ಮಾರುವುದಿಲ್ಲ. ಈಸ್ಟಿಗೆ 20 ಡಿಗ್ರಿಯ ತಂಪು ಇಷ್ಟ. ಒದ್ದೆ ಬಟ್ಟೆ ಸುತ್ತಿ ಎಂದು ಪುಸ್ತಕದವರು ಬರೆಯುತ್ತಾರೆ. ಕಲಬುರಗಿಯಲ್ಲಿ ಸರಿ, ನಮ್ಮ ಕಡಲೂರಿನ ಸೆಕೆಯಲ್ಲಿ ಬಟ್ಟೆ ಒಣಗಿದರಲ್ಲವೇ ತಂಪಾಗುವುದು!

ಇಷ್ಟೆಲ್ಲ ತಿದ್ದಿದ ಮೇಲೆ ಇನ್ನೊಂದು ಮಾತು ಹೇಳಬೇಕಾಯಿತು: ಇವ್ಯಾವುದನ್ನೂ ಕೊಳ್ಳಬೇಡ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಮದ್ಯ ತಯಾರಿಸುವುದು ಮಾತ್ರ ಅಪರಾಧವಲ್ಲ, ಅದಕ್ಕೆಂದು ಪಾತ್ರೆ ಪರಿಕರ ಇಟ್ಟುಕೊಳ್ಳುವುದೂ ಅಪರಾಧ. ಮಾರುತ್ತೀರೋ ಮನೆಯವರೇ ಕುಡಿಯುತ್ತೀರೋ, ಕಾಯ್ದೆಗೆ ಎರಡೂ ಒಂದೇ. ಅಂದರೆ ಮಾವಿನ ಮಿಡಿ ಹಾಕಿದಾಗ ಭರಣಿ ಗೃಹಿಣಿಯ ಮಾನ, ದ್ರಾಕ್ಷಿ ಹಾಕಿದರೆ ಸಾಕ್ಷಿ.

ಅದೇ ಸರಕಾರ ದೊಡ್ಡ ಬಂಡವಾಳಕ್ಕೆ ಬೇಡ ಎನ್ನಲಿಲ್ಲ. 2010ರ ಸುಮಾರಿಗೆ ಬೆಂಗಳೂರಿನಲ್ಲಿ ಹೋಟೆಲಿನೊಳಗೇ ಬಿಯರ್ ಕಾಯಿಸಲು ಪರವಾನಗಿ ಸಿಕ್ಕಿತು. ಗಾಜಿನ ಗೋಡೆಯ ಹಿಂದೆ ಹೊಳೆಯುವ ಹಂಡೆಗಳನ್ನು ನೋಡಿ ಜನ ಫೋಟೋ ತೆಗೆದುಕೊಳ್ಳುತ್ತಾರೆ. ಹಂಡೆ ದೊಡ್ಡದಾದರೆ ಉದ್ಯಮ, ಸಣ್ಣದಾದರೆ ಕಳ್ಳತನವೇ? ಬ್ರಿಟನ್ನಿನಲ್ಲಿ 1963ರಲ್ಲೇ ಮನೆಬಳಕೆಯ ಬಿಯರಿಗೆ ಲೈಸೆನ್ಸು, ಸುಂಕ ಬೇಡವೆಂದರು. ಅಮೆರಿಕದ ಕೇಂದ್ರ ಸರಕಾರ 1978ರ ಕಾನೂನಿನಲ್ಲಿ ಮಾರಾಟ ಮಾಡಕೂಡದೆಂಬ ಷರತ್ತಿನ ಮೇಲೆ ಒಂಟಿ ವಯಸ್ಕರ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರಿದ್ದರೆ 200 ಗ್ಯಾಲನ್ ಸುಂಕವಿಲ್ಲದೆ ಬಿಟ್ಟಿತು. ನಾನು ಅಷ್ಟು ಕೇಳುತ್ತಿಲ್ಲ. ವರ್ಷಕ್ಕೆ ಒಂದೆರಡು ಭರಣಿ, ಮನೆಯವರಿಗೆ ಮತ್ತು ಹಬ್ಬಕ್ಕೆ ಬಂದ ನೆರೆಯವರಿಗೆ. ಅಷ್ಟನ್ನು ಕಾಯ್ದೆಯಿಂದ ಹೊರಗಿಡಿ.

ನಿಮ್ಮಲ್ಲಿ ಹಲವರು ಮುಖ ಸಿಂಡರಿಸುತ್ತೀರಿ, ಬಲ್ಲೆ. ಕುಡಿತದಿಂದ ಮನೆ ಮುರಿದದ್ದನ್ನು ನಾನೂ ಕಂಡಿದ್ದೇನೆ. 2007ರಲ್ಲಿ ಸಾರಾಯಿ ನಿಂತಾಗ ನಾನೂ ಸಂತೋಷಪಟ್ಟವಳೇ. ಭಟ್ಟಿ ಇಳಿಸುವುದರ ಪರವಾಗಿ ನನ್ನಿಂದ ಒಂದು ಅಕ್ಷರವೂ ಬರುವುದಿಲ್ಲ, ಅದು ಕಣ್ಣು ಪ್ರಾಣ ತೆಗೆಯುವ ಕೆಲಸ. ಕುಡುಕನಿರುವ ಮನೆಯಲ್ಲಿ ಈ ಭರಣಿಯೂ ಬೇಡ. ಆದರೆ ಕೂಲಿಯ ದುಡ್ಡು ನುಂಗಿದ್ದು ಸಂಜೆ ಆರಕ್ಕೆ ಕೈ ಚಾಚಿದರೆ ಸಿಗುವ ಅಂಗಡಿಯ ಬಾಟಲಿ. ಮೂರು ವಾರ ಕಾದು ನಾಲ್ಕು ಬಾಟಲಿ ಕೊಡುವ ಭರಣಿಯಲ್ಲ. ಆ ಅಂಗಡಿಗೆ ಬೋರ್ಡೂ ಉಂಟು, ದೀಪವೂ ಉಂಟು.

ಹುಡುಗ ಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡ. ಸಂಜೆ ಬಾಯಿಯ ಮನೆಗೆ ಕರೆದುಕೊಂಡು ಹೋದೆ. ಶೇಂದಿ ಹಾಕಿ ಉಬ್ಬಿಸಿದ ಬಿಸಿ ಸಾನ್ನ ಕೊಟ್ಟರು. ಒಲೆಯಿಂದ ದೂರ, ಅಕ್ಕಿ ಡಬ್ಬಿಯ ಪಕ್ಕದಲ್ಲಿ ಬಟ್ಟೆ ಕಟ್ಟಿದ ಭರಣಿ ಕೂತಿತ್ತು. "ಕಿವಿ ಇಟ್ಟು ಕೇಳು ಮಗಾ" ಎಂದರು ಬಾಯಿ. ಅವನು ಮೊಣಕಾಲೂರಿ ಕಿವಿ ಇಟ್ಟ. ಒಳಗೆ ಸಣ್ಣಗೆ, ಮಳೆ ಶುರುವಾದ ಹಾಗೆ ಸದ್ದು.